ಗದ್ದೆಯಂಚಿನ ಚಪ್ಪಲಿಗಳು

ಮದುವೆಮನೆಗೆ ಜರಿಸೀರೆ ಉಟ್ಟು ಬಂದರೂ ನಮ್ಮ ನೆರೆಮನೆಯ ದೊಡ್ಡಮ್ಮನ ಕಾಲುಗುರಿನಲ್ಲಿ ಕೆಸರು ಇದ್ದೇ ಇರುತ್ತಿತ್ತು. ಯಾರಾದರೂ ನೋಡಿದರೆ ಅಡಗಿಸುವವರಲ್ಲ, ಕಾಲನ್ನು ಇನ್ನಷ್ಟು ಮುಂದೆ ಚಾಚುವವರು.

ಕೋಟದ ಹೆದ್ದಾರಿ ಬದಿಯ ಆ ಗದ್ದೆಯನ್ನು ಅವರ ಮನೆಯವರು ಗೇಣಿಗೆ ಮಾಡಿ, ಉಳುವವನೇ ಒಡೆಯ ಎಂಬ ಕಾನೂನು ಬಂದಾಗ ಓಡಾಡಿ ಸ್ವಂತ ಮಾಡಿಕೊಂಡವರು. ಹೆದ್ದಾರಿ ಅಗಲವಾದ ಮೇಲೆ ಸುತ್ತಲಿನ ಬೈಲುಗದ್ದೆಯೆಲ್ಲ ಮಣ್ಣು ತುಂಬಿಸಿಕೊಂಡು ಸೈಟಾಯಿತು. ನಾನೂ ಅಂಥದ್ದೇ ಸೈಟಿನಲ್ಲಿ ಮನೆ ಕಟ್ಟಿದವನು, ದೊಡ್ಡ ಮಾತಾಡುವ ಹಾಗಿಲ್ಲ. ದೊಡ್ಡಮ್ಮ ಮಾತ್ರ ರಸ್ತೆಗೆ ತಾಗಿದ ಗಟ್ಟಿನೆಲದಲ್ಲಿ ಅಂಗಡಿ ಕಟ್ಟಿಸಿ ಬಾಡಿಗೆಗೆ ಕೊಟ್ಟರು, ಗದ್ದೆ ಮುಟ್ಟಲು ಬಿಡಲಿಲ್ಲ. "ಎದ್ರಿನ್ ಅಂಗ್ಡಿ ದುಡೀಲಿ, ಹಿಂದಿನ್ ಗದ್ದಿ ಉಣ್ಲಿ" ಎನ್ನುತ್ತಿದ್ದರು. ಟಯರ್ ಅಂಗಡಿಯ ಬಾಡಿಗೆಯಲ್ಲಿ ನಾಟಿಯ ಕೂಲಿ ಹುಟ್ಟುತ್ತಿತ್ತು.

ಊರಿನ ಬ್ರೋಕರ್ ಒಬ್ಬ ಗದ್ದೆ ಮಾರಿ ಎಂದು ಅವರ ಬೆನ್ನು ಬಿಟ್ಟವನಲ್ಲ. ಒಂದು ವರ್ಷ ಹೊಸ್ತಿನ ದಿನ, ಅಂದರೆ ಹೊಸ ಭತ್ತದ ಕದಿರನ್ನು ಮನೆಬಾಗಿಲು, ಬಾವಿ, ವಾಹನಕ್ಕೆಲ್ಲ ಕಟ್ಟುವ ಬೆಳಿಗ್ಗೆ, ಅವನೇ ಕಾರಿನಿಂದಿಳಿದ.

"ದೊಡ್ಡಮ್ಮ, ಕಾರಿಗೆ ಕಟ್ಟುಕೆ ಕದಿರ್ ಬೇಕಿತ್ತ್. ಎಲ್ಲೂ ಸಿಕ್ಲಿಲ್ಲ."

"ನೀ ಮಾರ್ಸಿದ್ ಸೈಟಗೆ ಬೆಳಿಲಿಲ್ಯಾ ಮಗಾ?"

ಕದಿರಿಗೆಂದು ಬಂದಿದ್ದ ನಾವೆಲ್ಲ ನಕ್ಕೆವು, ಅವನೂ ನಕ್ಕ. ಆ ಗದ್ದೆಗೊಂದು ಕಟ್ಟಳೆಯಿತ್ತು: ಕದಿರು ಎಲ್ಲರಿಗೂ ಪುಕ್ಕಟೆ, ಆದರೆ ಕೊಯ್ದು ಕೈಗೆ ಕೊಡುವ ಮಾತಿಲ್ಲ. ಬಂದವರಿಗೆಲ್ಲ ದೊಡ್ಡಮ್ಮನದು ಒಂದೇ ಕೂಗು: "ಹ್ವಾಯ್, ಚಪ್ಲಿ ಅಲ್ಲೇ ಬಿಟ್ಟ್, ಗದ್ದಿಗಿಳ್ದ್ ಕಾಣಿ!" ಅವನು ಮಿರುಗುವ ಬೂಟು ಕಳಚಿ, ಪ್ಯಾಂಟು ಮಡಚಿ ಇಳಿದ. ಕತ್ತಿ ಹಿಡಿಯಲು ತಿಳಿಯದೆ ಒದ್ದಾಡುವಾಗ ದೊಡ್ಡಮ್ಮನೇ ಅವನ ಕೈ ಹಿಡಿದು ಕೊಯ್ಯಿಸಿದರು.

ಹೋದ ದೀಪಾವಳಿ ಕಳೆದು ದೊಡ್ಡಮ್ಮ ತೀರಿಕೊಂಡರು. ಗದ್ದೆ ಹೆಣ್ಣುಮಕ್ಕಳಿಬ್ಬರಿಗೆ ಬಂತು. ಒಬ್ಬಳು ಬೈಂದೂರಿನಲ್ಲಿ, ಒಬ್ಬಳು ಬ್ರಹ್ಮಾವರದಲ್ಲಿ, ಇಬ್ಬರಿಗೂ ಅವರವರ ಸಂಸಾರ. ಇನ್ನು ಮಣ್ಣಿನ ಲಾರಿ ಬರುವುದೊಂದೇ ಬಾಕಿ ಎಂದು ನನಗೆ ಖಾತ್ರಿಯಾಗಿತ್ತು.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಆ ಕಡೆಯಿಂದ ಯಂತ್ರದ ಸದ್ದು ಕೇಳಿತು. ಕೊಡೆಯನ್ನೂ ಹಿಡಿಯದೆ ಓಡಿದೆ.

ಲಾರಿಯಲ್ಲ, ಗದ್ದೆ ಉಳುವ ಟಿಲ್ಲರ್! ಅಕ್ಕ ತಂಗಿ ಇಬ್ಬರೂ ಸೀರೆ ಎತ್ತಿ ಕಟ್ಟಿ ಕೆಸರಿನಲ್ಲಿದ್ದರು. ಗದ್ದೆಗೆ ಬೆಲೆ ಕೇಳಲು ಬಂದಿದ್ದ ಬ್ರೋಕರ್ ಭತ್ತದ ಸಸಿಯ ಕಟ್ಟು ಹೊತ್ತು ಅವರ ಹಿಂದೆ ನಡೆಯುತ್ತಿದ್ದ. ದೊಡ್ಡವಳು ನನ್ನನ್ನು ಕಂಡವಳೇ ಕೂಗಿದಳು: "ಹ್ವಾಯ್, ಚಪ್ಲಿ ಅಲ್ಲೇ ಬಿಟ್ಟ್, ಗದ್ದಿಗಿಳ್ದ್ ಕಾಣಿ!"

ಕಣ್ಣು ತುಂಬಿ ಬಂತು, ಮಳೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗದ್ದೆಯಂಚಿನಲ್ಲಿದ್ದ ಬೂಟಿನ ಪಕ್ಕದಲ್ಲಿ ನನ್ನ ಚಪ್ಪಲಿ ಬಿಟ್ಟು ಇಳಿದೆ.