ಕೆಂಚನ ದವಡೆ ಮೆತ್ತಗಾದ ಬೇಸಿಗೆ

ಕೊರೋನಾಕ್ಕೆ ಹೆದರಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದ್ದ ದಿನಗಳವು. ನಿಮ್ಮ ಮನೆಯಲ್ಲೂ ಹಾಗೇ ಇತ್ತೇನೋ: ಕೆಳಗೆ ಅಪ್ಪನ ಮೀಟಿಂಗು, ಅಡುಗೆಮನೆಯಲ್ಲಿ ಅಮ್ಮನ ಮೀಟಿಂಗು, ಸಾರಿನ ಒಗ್ಗರಣೆ ಕೂಡ ಮ್ಯೂಟ್ ಮಾಡಿಕೊಂಡೇ. ಅಟ್ಲಾಂಟಾದ ಹೊರಗೆ, ಸುವಾನಿಯ ಆ ಮನೆಯಲ್ಲಿ ನನಗೆ ಹನ್ನೆರಡು, ಅಣ್ಣ ನಿಖಿಲನಿಗೆ ಹದಿನಾರು. ಮಹಡಿಯ ಮೇಲೆ ಅಣ್ಣನ ಕೋಣೆಯಲ್ಲಿ ನಾವಿಬ್ಬರು, ಗಾಜಿನ ತೊಟ್ಟಿಯಲ್ಲಿ ಕೆಂಚ.

ಕೆಂಚ ಅಂದರೆ ನಾವು ಸಾಕಿದ್ದ ಬಿಯರ್ಡೆಡ್ ಡ್ರ್ಯಾಗನ್. ಓತಿಕೇತದ ಜಾತಿಯೇ, ಮೊಳದುದ್ದ, ಗಂಟಲ ಕೆಳಗೆ ಮುಳ್ಳುಮುಳ್ಳಿನ ಗಡ್ಡ. ಇಕ್ಕಳದಲ್ಲಿ ಜೀರುಂಡೆ ಹಿಡಿದರೆ ನೆಗೆದು ಬಂದು ಕಚಕ್ಕನೆ ಕಡಿಯುತ್ತಿದ್ದ. ಅದರ ಕಾಲು ಬಾಯಿಯಾಚೆ ಒದ್ದಾಡುತ್ತಿರುವಾಗ ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ಜುಲೈನಲ್ಲಿ ಅವನು ಜೀರುಂಡೆ ಕಂಡರೂ ಮುಖ ತಿರುಗಿಸತೊಡಗಿದ. ಗಡ್ಡ ಇದ್ದಿಲಿನಂತೆ ಕಪ್ಪಾಯಿತು.

“ಅಣ್ಣಾ, ಕೆಂಚ ತ್ರೀ ಡೇಸಿಂದ ಏನೂ ತಿಂದಿಲ್ಲ.”

“ನಿದ್ದೆ ಮೂಡಲ್ಲಿದಾನೆ. ಲೀವ್ ಹಿಮ್,” ಅಂದ ಅಣ್ಣ, ಗೇಮಿನಿಂದ ಕಣ್ಣು ತೆಗೆಯದೆ.

ಐದನೇ ದಿನ ಕೆಂಚನ ಬೆರಳುಗಳು ತಾವಾಗಿಯೇ ಅದುರುತ್ತಿದ್ದವು. ಹಿಂಗಾಲನ್ನು ಎಳೆದುಕೊಂಡು ಹೋಗುತ್ತಿದ್ದ. ಗದ್ದ ಮುಟ್ಟಿದೆ, ದವಡೆ ರಬ್ಬರಿನಂತೆ ಬಾಗಿತು. ಲ್ಯಾಪ್‌ಟಾಪಿನಲ್ಲಿ ಹುಡುಕಿದೆ. ಬಿಸಿಲಿನಲ್ಲಿರುವಂಥ ಯುವಿ ಬೆಳಕು ಸಿಗದಿದ್ದರೆ ಇವುಗಳ ಮೈಗೆ ಕ್ಯಾಲ್ಸಿಯಂ ಹತ್ತುವುದಿಲ್ಲ, ಮೂಳೆ ಮೆತ್ತಗಾಗುತ್ತದೆ ಎಂದಿತ್ತು. ತೊಟ್ಟಿಯ ಮೇಲಿನ ಯುವಿ ದೀಪ ಬಿಚ್ಚಿದರೆ, ಅಲ್ಲಿದ್ದದ್ದು ಸಾದಾ ಬಲ್ಬು.

“ಯಾರು ಇದನ್ನ ಚೇಂಜ್ ಮಾಡಿದ್ದು?”

ಅಣ್ಣ ಹೆಡ್‌ಫೋನ್ ತೆಗೆದ. “ಏಪ್ರಿಲ್‌ನಲ್ಲಿ ಬಾಲ್ ತಗುಲಿ ಒಡೆದೋಯ್ತು. ಅಪ್ಪ ಬೈತಾರೆ ಅಂತ ಹೇಳಲಿಲ್ಲ. ಯಾವ ಲೈಟ್ ಆದ್ರೇನು ಅನ್ಕೊಂಡೆ.”

ಇಕ್ಕಳ ಎತ್ತಿ ಅವನ ಮುಖಕ್ಕೆ ಬೀಸಿದೆ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಅವನು ನನ್ನ ಜಡೆ ಹಿಡಿದು ತಲೆಯನ್ನು ಗೋಡೆಗೆ ಚಚ್ಚಿದ. ನಾನು ಅವನ ಮಣಿಕಟ್ಟು ಕಚ್ಚಿದೆ, ನಾಲಿಗೆಗೆ ಉಪ್ಪು ತಾಗುವವರೆಗೆ. ಉರುಳಾಡುತ್ತಾ ಮೇಜಿಗೆ ಅಪ್ಪಳಿಸಿದೆವು. ತೊಟ್ಟಿ ಕೆಳಗೆ ಬಿದ್ದು ಚೂರುಚೂರಾಯಿತು.

“ಬಿಡೋ ಅವಳನ್ನ! ಏ, ಬಿಡೇ ನೀನೂ!” ಅಮ್ಮ ಬರಿಗಾಲಲ್ಲೇ ಗಾಜಿನ ಮೇಲೆ ಓಡಿಬಂದಳು. ಅವಳ ಹಿಂದೆ ಬಂದ ಅಪ್ಪ, ಅಲ್ಲಿಯವರೆಗೆ ನಮ್ಮ ಮೇಲೆ ಕೈಯೆತ್ತದವರು, ಇಬ್ಬರ ಕೆನ್ನೆಗೂ ಬಾರಿಸಿದರು.

ಆಗ ಕೆಂಚ ಕಂಡ. ತೊಟ್ಟಿಯಿಂದ ಚೆಲ್ಲಿದ ಮರಳಿನಲ್ಲಿ ಬಾಯ್ತೆರೆದು ಬಿದ್ದಿದ್ದ. ಒಂದು ಮುಂಗಾಲು ಹಿಮ್ಮುಖವಾಗಿ ತಿರುಚಿಕೊಂಡಿತ್ತು.

“ಕಾರ್ ಹತ್ತಿ,” ಅಂದರು ಅಪ್ಪ.

ಪ್ರಾಣಿಗಳ ಆಸ್ಪತ್ರೆಯೊಳಗೆ ನಮ್ಮನ್ನು ಬಿಡುವಂತಿರಲಿಲ್ಲ. ಕೆಂಚನನ್ನಿಟ್ಟಿದ್ದ ಡಬ್ಬಿಯನ್ನು ಪಾರ್ಕಿಂಗಿನಲ್ಲೇ ಕೊಟ್ಟು ಕಾದೆವು. ಮಾಸ್ಕ್ ಹಾಕಿದ್ದ ಡಾಕ್ಟರ್ ಹೊರಬಂದು, ಮೂಳೆಗಳು ತಿಂಗಳುಗಳಿಂದ ಸವೆದಿವೆ, ಕಾಲು ಮುರಿದಿರುವುದು ಮಾತ್ರ ಇವತ್ತು ಎಂದರು. ಹುಬ್ಬಿಗೆ ಟವೆಲ್ ಒತ್ತಿಕೊಂಡಿದ್ದ ಅಣ್ಣ ಮುಖ ಮುಚ್ಚಿಕೊಂಡು ಅತ್ತ.

ಹೊಸ ತೊಟ್ಟಿ, ಹೊಸ ದೀಪ ಬಂದವು. ದಿನಕ್ಕೆರಡು ಸಲ ಅಣ್ಣ ಕೆಂಚನನ್ನು ಅದುಮಿ ಹಿಡಿಯುತ್ತಿದ್ದ, ನಾನು ಆ ಮೆತ್ತನೆಯ ದವಡೆ ಬಿಡಿಸಿ ಸಿರಿಂಜಿನಿಂದ ಕ್ಯಾಲ್ಸಿಯಂ ಬಿಡುತ್ತಿದ್ದೆ. ಕೆಂಚ ಬುಸುಗುಟ್ಟುತ್ತಾ ಪರಚುತ್ತಿದ್ದ. ಸೊಟ್ಟ ದವಡೆಯಲ್ಲೇ ಅವನು ಇನ್ನೂ ಮೂರು ವರ್ಷ ಬದುಕಿದ. ಜೀರುಂಡೆಗೆ ಮಾತ್ರ ಮತ್ತೆ ನೆಗೆಯಲಿಲ್ಲ.

ಅಣ್ಣ ಈಗ ಬೇರೆ ಊರಿನಲ್ಲಿ, ರಾಲಿಯಲ್ಲಿದ್ದಾನೆ. ಭಾನುವಾರ ಫೋನ್ ಮಾಡಿ, “ಎಲ್ಲಾ ಓಕೆನಾ? ಬ್ಯುಸಿ ಇದ್ರೆ ಆಮೇಲೆ ಮಾಡ್ಲಾ?” ಅನ್ನುತ್ತಾನೆ. ಆ ಬೇಸಿಗೆಯವರೆಗೆ ನಮಗೆ ದಿನಕ್ಕೆ ಹತ್ತು ಜಗಳ. ಐದೇ ನಿಮಿಷದಲ್ಲಿ ಮರೆತು ಒಂದೇ ತಟ್ಟೆಗೆ ಕೈ ಹಾಕುತ್ತಿದ್ದೆವು. ಆಮೇಲೆ ಅವನು ತಮಾಷೆಗೂ ನನ್ನ ಜಡೆ ಎಳೆಯಲಿಲ್ಲ, ಬಾಗಿಲು ತಟ್ಟದೆ ನಾನು ಅವನ ಕೋಣೆಗೆ ಹೋಗಲಿಲ್ಲ. ಈಗ ನಾವು ಒಬ್ಬರಿಗೊಬ್ಬರು ಬಹಳ ಮರ್ಯಾದೆ ಕೊಡುತ್ತೇವೆ.