ಹದಿನಾರು ಮಿಲಿಮೀಟರಿಗೆ ಬಂದ ನಡಿಗೆ

ನಾನಾಗ ಇದ್ದ ಮನೆ ಕೆಸರೆಯಲ್ಲಿತ್ತು ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಬೇರೆಲ್ಲಾದರೂ ಇದ್ದಿರಬಹುದು. ಐವತ್ತರ ದಶಕದ ಕೊನೆ ಎಂಬುದು ಮಾತ್ರ ಖಚಿತ. ಆಗಷ್ಟೇ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಓದಿದ ಕಾಲೇಜಿನಲ್ಲೇ ಕೆಲಸಕ್ಕೆ ಸೇರಿದ್ದೆ. ಸೂತ್ರವೊಂದಿದ್ದರೆ ಏನನ್ನು ಬೇಕಾದರೂ ಸರಿಪಡಿಸಬಹುದೆಂಬ ನಂಬಿಕೆ ಇನ್ನೂ ಹೊಸದಾಗಿತ್ತು.

ಪಕ್ಕದ ಮನೆಯ ಟೀಚರಮ್ಮ ಒಂದು ದಿನ ತಗಡಿನ ಡಬ್ಬಿ ತಂದರು. ಒಳಗೆ ಒಂಬತ್ತೂವರೆ ಮಿಲಿಮೀಟರ್ ಫಿಲ್ಮಿನ ಪುಟ್ಟ ಸುರುಳಿ. ಅವರ ಗಂಡ ಗೇಟಿನಿಂದ ಜಗಲಿಯವರೆಗೆ ನಡೆದು ಬರುವುದನ್ನು ಸ್ನೇಹಿತರೊಬ್ಬರು ಕೈಯಲ್ಲಿ ತಿರುಗಿಸುವ ಕ್ಯಾಮೆರಾದಿಂದ ಹಿಡಿದಿದ್ದರು. ಆಮೇಲೆ ಕೆಲವೇ ತಿಂಗಳಲ್ಲಿ ಗಂಡ ತೀರಿಕೊಂಡರು. ಆಗ ತೊಟ್ಟಿಲಲ್ಲಿದ್ದ ಮಗಳಿಗೆ ಈಗ ಹದಿನೇಳು.

"ಅವರು ನಡೆಯೋದನ್ನ ಒಂದ್ಸಲ ಇವಳಿಗೆ ತೋರಿಸ್ಬುಟ್ರೆ ಸಾಕು ಕಣ್ರೀ" ಎಂದರು.

ಆ ಫಿಲ್ಮಿಗೆ ಯಂತ್ರದ ಹಲ್ಲು ಕೂರುವ ತೂತುಗಳು ನಡುಮಧ್ಯೆ. ಕಾಲೇಜಿನ ಹದಿನಾರು ಮಿಲಿಮೀಟರ್ ಪ್ರೊಜೆಕ್ಟರಿಗೆ ಅಂಚಿನಲ್ಲಿ ಬೇಕು. ಡಬ್ಬಿಯ ಜೊತೆ ಬಂದ, ಹಿಡಿ ತಿರುಗಿಸಿ ಚಿತ್ರ ತೋರಿಸುವ ಹಳೆಯ ಕೈಯಂತ್ರವೋ, ಒಂದೊಂದು ತೂತನ್ನೂ ಇಲಿಯಂತೆ ಕಡಿಯುತ್ತಿತ್ತು. ಹೆಚ್ಚೆಂದರೆ ಎರಡು ಸಲ ಓಡೀತು. ಹಾಗಾಗಿ ಕೈಯಂತ್ರದಿಂದ ಚಿತ್ರವನ್ನು ಗೋಡೆಗೆ ಬಿಟ್ಟು, ಗೋಡೆಯನ್ನೇ ಕಾಲೇಜಿನ ಕ್ಯಾಮೆರಾದಲ್ಲಿ ಹಿಡಿಯುವುದೆಂದು ತೀರ್ಮಾನಿಸಿದೆ. ಮಧ್ಯಾಹ್ನ ಕಿಟಕಿಗೆ ಕಂಬಳಿ ಕಟ್ಟಿ, ಗಡಿಯಾರ ನೋಡುತ್ತ ಹಿಡಿ ತಿರುಗಿಸಿದೆ.

ಬೊಂಬಾಯಿಗೆ ಹೋಗಿ ತೊಳೆಸಿಕೊಂಡು ಬಂದ ರೀಲನ್ನು ಕಾಲೇಜಿನಲ್ಲಿ ಹಾಕಿದರೆ, ಆ ಮನುಷ್ಯ ಗುಬ್ಬಿಯಂತೆ ಕುಪ್ಪಳಿಸುತ್ತ ಬಂದರು. ಮಗಳು ಗೊಳ್ಳೆಂದು ನಕ್ಕಳು. ತಾಯಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

"ಇದು ಯಾರೋ ಕಣೆ, ನಿಮ್ಮಪ್ಪ ಅಲ್ಲ" ಎಂದ ಟೀಚರಮ್ಮ ನನ್ನ ಕಡೆ ತಿರುಗಿದರು. "ಏನ್ ಲೆಕ್ಕ ಹಾಕಿದ್ರಿ ಸ್ವಾಮಿ?"

"ಸೆಕೆಂಡಿಗೆ ಹದಿನಾರು ಚಿತ್ರ. ಪುಸ್ತಕದಲ್ಲಿದೆ."

"ಆ ಪುಸ್ತಕ ಇವರ ಜೊತೆ ನಡೆದಿತ್ತಾ?"

ಎರಡನೆಯ ಸಲ ಗೋಡೆಯನ್ನು ಕ್ಯಾಮೆರಾದಲ್ಲಿ ಹಿಡಿಯುವಾಗ ಕೈಯಂತ್ರದ ಹಿಡಿಗೆ ಅವರೇ ಕೈಹಾಕಿದರು. ತೀರಾ ನಿಧಾನವಾದರೆ ಬಲ್ಬಿನ ಕಾವಿಗೆ ಫಿಲ್ಮು ಸುಟ್ಟೀತೆಂದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಡಹೆಂಡತಿ ಪ್ರತಿ ಭಾನುವಾರ ಜಪಮಾಲೆ ಹೇಳಿಕೊಳ್ಳುತ್ತ ಚರ್ಚಿಗೆ ನಡೆದು ಹೋಗುತ್ತಿದ್ದರಂತೆ. ಒಂದು 'ನಮೋ ಮರಿಯ' ಪ್ರಾರ್ಥನೆ ಮುಗಿಯುವಷ್ಟರಲ್ಲಿ ಗಂಡ ಎಷ್ಟು ಹೆಜ್ಜೆ ಇಡುತ್ತಿದ್ದರೆಂಬುದು ಟೀಚರಮ್ಮನಿಗೆ ಗೊತ್ತಿತ್ತು. ಗೋಡೆಯ ಮೇಲೆ ಕಣ್ಣಿಟ್ಟು, ತುಟಿ ಆಡಿಸುತ್ತ, ಹೆಜ್ಜೆ ಪ್ರಾರ್ಥನೆಗೆ ಕೂಡುವವರೆಗೂ ಕೈಯ ವೇಗ ತಗ್ಗಿಸಿದರು. ಗಂಡ ಜಗಲಿಗೆ ಕಾಲಿಟ್ಟಿದ್ದೇ ಫಿಲ್ಮು ಪಟ್ಟನೆ ತುಂಡಾಯಿತು. ಇನ್ನು ಅದನ್ನು ಓಡಿಸುವಂತಿರಲಿಲ್ಲ.

ನಾನು ಗುಟ್ಟಾಗಿ ಲೆಕ್ಕ ಹಾಕಿದೆ. ಅವರು ತಿರುಗಿಸಿದ ವೇಗವೇ ನಿಜವಾದರೆ, ಚಿತ್ರ ತೆಗೆದ ಸ್ನೇಹಿತರು ನಿದ್ದೆಗಣ್ಣಲ್ಲಿ ಕ್ಯಾಮೆರಾದ ಹಿಡಿ ತಿರುಗಿಸಿರಬೇಕು. ಹದಿನೇಳು ವರ್ಷದ ನೆನಪು ಒಬ್ಬ ಮನುಷ್ಯನನ್ನು ಎಷ್ಟು ಬೇಕಾದರೂ ನಿಧಾನ ಮಾಡಬಲ್ಲದು. ಹೇಳಲು ಹೋಗಲಿಲ್ಲ. ಇವತ್ತು ನೋಡಿದರೆ ಆ ಲೆಕ್ಕದ ಕಾಗದವೂ ಇಲ್ಲ. ನಾನು ಲೆಕ್ಕ ಹಾಕಿದ್ದೆನೇ ಎಂಬುದೇ ಅನುಮಾನ.

ಹೊಸ ರೀಲು ಬಂತು. ಈ ಸಲ ಆ ಮನುಷ್ಯ ಕೊಡೆ ಊರಿಕೊಂಡು, ಊರಿಗೆಲ್ಲ ಪುರುಸೊತ್ತಿದೆ ಎಂಬಂತೆ ನಡೆದು ಬಂದರು. ಮಗಳು ನಗಲಿಲ್ಲ. ಮೂರು ಸಲ ಹಾಕಿಸಿಕೊಂಡು ನೋಡಿದಳು.

"ಅಮ್ಮಾ, ಇಂಗೆ ನಡೆದ್ರೆ ಚರ್ಚಿಗೆ ಎಷ್ಟೊತ್ತಿಗೆ ಮುಟ್ಟುತಿದ್ರಿ?"

"ತಡವಾಗೇ ಕಣೆ" ಎಂದರು ಟೀಚರಮ್ಮ, ಗೋಡೆಯಿಂದ ಕಣ್ಣು ತೆಗೆಯದೆ. "ಪ್ರತಿ ವಾರ ತಡವಾಗೇ."