ನೆನಪಿಲ್ಲದ ಅರ್ಧ ತಾಸು

ಕುರಿ ವಿಮೆಯ ಕೆಲಸಕ್ಕೆಂದು ಕಣಗಲಾಕ್ಕೆ ಹೊರಟವನು ದಾರಿಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡೆ. ಬಿದ್ದದ್ದು ನೆನಪಿಲ್ಲ. ನೆನಪು ಶುರುವಾಗುವುದೇ ಆಸ್ಪತ್ರೆಯಿಂದ. ಆಮೇಲೆ ತಲೆಸುತ್ತು ಹೋಗಲಿಲ್ಲವೆಂದು ಎರಡು ತಿಂಗಳು ಘಟಪ್ರಭಾದ ಫಿಜಿಯೋಥೆರಪಿ ಡಾಕ್ಟರರ ಹತ್ತಿರ ಓಡಾಡಿದೆ. ಹೆಬ್ಬೆರಳನ್ನೇ ನೋಡುತ್ತ ತಲೆ ಆಡಿಸಬೇಕು, ಗೆರೆಯ ಮೇಲೆ ನಡೆಯಬೇಕು. ಕೊನೆಗೆ ಅವರು ಕುತ್ತಿಗೆಯ ಎಲುಬುಗಳನ್ನು ಮೆಲ್ಲಗೆ ಒತ್ತಿ ಸಡಿಲಿಸುತ್ತಿದ್ದರು.

ಒಂದು ಬೆಳಿಗ್ಗೆ, ಭುಜದ ನೋವಿಗೆಂದು ಅಲ್ಲಿಗೆ ಬಂದಿದ್ದ ತುಕ್ಕಾನಟ್ಟಿಯ ಕುರಿ ಕಾಯುವ ಮುದುಕರೊಬ್ಬರು ನನ್ನನ್ನು ಕಂಡು ಎದ್ದು ನಿಂತರು.

“ನನ್ನ ಗುರ್ತ ಸಿಗಲಿಲ್ಲೇನ್ರಿ? ಅವತ್ತ ಬಿದ್ದಮ್ಯಾಲ ಅರ್ಧಾ ತಾಸು ನನ್ನ ಕೂಡ ಮಾತಾಡೀರಿ.”

“ನಾನಾ? ಏನ ಮಾತಾಡಿದೆರಿ ಕಾಕಾ?”

“ನನ್ನ ಹೆಸರ ಕೇಳಿದ್ರಿ, ಹೇಳಿದೆ. ನಕ್ಕು, ‘ನಮ್ಮ ಅಜ್ಜನ ಹೆಸರೂ ಅದ ಐತಿ’ ಅಂದ್ರಿ. ಮತ್ತ ಹೆಸರ ಕೇಳಿದ್ರಿ. ಮತ್ತ ಅದ ನಗಿ, ಅದ ಮಾತು. ಹತ್ತ ಸಲಾ ಆತು. ಹಣಿಯಿಂದ ರಕ್ತ ಸೋರಾಕತ್ತಿತ್ತು, ನೀವು ನಗಾಕತ್ತಿದ್ರಿ. ನನಗ ಅಂಜಿಕಿ ಬಂತು. ಆ ದಾರಿ ಹಿಡಿದ ಯಾರೋ ಜೀಪಿನವ್ರು ಬಂದ ಕೂಡ್ಲೇ ನಿಮ್ಮನ್ನ ಅವರ ಕೈಯಾಗ ಕೊಟ್ಟು, ಹಿಂದ ನೋಡದ ಕುರಿ ಹೊಡ್ಕೊಂಡ ಹೋದೆ. ತಪ್ಪಾತೇನ್ರಿ?”

“ಇಲ್ರಿ ಕಾಕಾ” ಎಂದೆ. ಎಷ್ಟು ದಿಟ್ಟಿಸಿದರೂ ಆ ಮುಖ ಹೊಸದಾಗಿಯೇ ಇತ್ತು. ಆದರೆ ನನ್ನ ಅಜ್ಜನ ಹೆಸರು ಅವರಿಗೆ ಗೊತ್ತಿತ್ತು.

ಸಂಜೆ ಇದನ್ನೆಲ್ಲ ಹೆಂಡತಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಇದನ್ನ ಈಗಷ್ಟ ಹೇಳಿದ್ರಲ್ಲ” ಎಂದು ನಕ್ಕಳು. ಚೇಷ್ಟೆಗೆ ಅಂದಳೋ, ಖರೆಯೋ, ಕೇಳುವ ಧೈರ್ಯ ಇನ್ನೂ ಬಂದಿಲ್ಲ.